ಎಡಕ್ಕೆ ಕೂತ ನಿಬ್ಬು

ನಾನು ಎಡಚಿ. ಇವತ್ತು ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ; ಎಂಬತ್ತರ ದಶಕದಲ್ಲಿ, ಮದುವೆಯಾದ ಹೊಸದರಲ್ಲಿ ಕೇಳಿದ್ದರೆ ದೇವರ ಮೇಲೆ ಆಣೆಯಿಟ್ಟು ಅಲ್ಲವೆನ್ನುತ್ತಿದ್ದೆ. ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಹೊರಟಾಗ ಅಮ್ಮ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ಅತ್ತೆ ಮನೇಲಿ ಎಡಗೈ ಎತ್ತಿದ್ರೆ ನನ್ನ ಮಾನ ಹೋಯ್ತದೆ ಕಣಮ್ಮ." ಅಮ್ಮನ ಭಯ ಸುಳ್ಳೇನಲ್ಲ. ನನಗೆ ಬಂದ ಮೊದಲ ಸಂಬಂಧ, ನಾನು ಎಡಗೈಯಲ್ಲಿ ಕಾಫಿ ಲೋಟ ಚಾಚಿದ್ದಕ್ಕೇ ಮುರಿದುಬಿದ್ದಿತ್ತು.

ಎರಡನೆಯ ಸಂಬಂಧದಲ್ಲಿ ಹುಡುಗನ ಅಪ್ಪ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಜಮೀನಿನ ಪತ್ರ ಬರೆಯುವವರು. ಅಂಥವರು ಹುಡುಗಿಗೆ ಹಾಡು ಹೇಳು ಅನ್ನುತ್ತಾರೆಯೇ? ಕಾಗದ ಚಾಚಿ, "ಹೆಸ್ರು ಬರಿಯಮ್ಮ" ಅಂದರು. ಬಲಗೈಯಲ್ಲಿ ಬರೆದೆ. ಕೋಳಿ ಕೆದಕಿದ ಹಾಗಿತ್ತು. "ಎದ್ರಿಕೊಂಡೈತೆ ಮಗ, ಪಾಪ" ಎಂದು ಅವರೇ ನನ್ನ ಪರ ವಹಿಸಿದರು. ಹೀಗೆ ಮೋಸ ಮಾಡಿ ನಾನು ಆ ಮನೆ ಸೇರಿದೆ.

ಮಾವನವರ ಹತ್ತಿರ ಒಂದು ಹಳೇ ಕರಿ ಪೆನ್ನಿತ್ತು, ಕಸುಬು ಕಲಿಸಿದವರು ಕೊಟ್ಟದ್ದು. ಅದರ ಹೊಟ್ಟೆಗೆ ಡ್ರಾಪರಿನಿಂದ ಇಂಕು ಹನಿಸಬೇಕು. ಮನೆಯಲ್ಲಿ ಕನ್ನಡ ಮಾತಾಡುವ ಮನುಷ್ಯ ಆಫೀಸಿನ ಮುಂದೆ ಅದರಲ್ಲಿ ಮುತ್ತು ಪೋಣಿಸಿದಂತೆ ತೆಲುಗು ಬರೆಯುತ್ತಿದ್ದರು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. "ನಿಬ್ಬು ಒಂದೇ ಕೈಗೆ ಪಳಗ್ತದೆ. ಕಂಡೋರ ಕೈಗೆ ಕೊಟ್ರೆ ಕೆಟ್ಟೋಯ್ತದೆ" ಎನ್ನುತ್ತಿದ್ದರು. ಬಸ್ಸಿನ ಕುಲುಕಾಟಕ್ಕೆ ಜೇಬೆಲ್ಲ ಇಂಕಾಗುತ್ತದೆಂದು ಪರವೂರಿಗೆ ಹೋಗುವಾಗ ಮಾತ್ರ ಮನೆಯಲ್ಲಿಟ್ಟು ಹೋಗುತ್ತಿದ್ದರು.

ನಾನು ಬಂದು ಆರು ತಿಂಗಳಾಗಿತ್ತು. ಅವರು ನಾಲ್ಕು ದಿನಕ್ಕೆಂದು ಮಗಳ ಊರಿಗೆ ಹೋದರು. ಮರುದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅಮ್ಮನಿಗೆ ಬರೆಯೋಣವೆಂದು ಇನ್‌ಲ್ಯಾಂಡ್ ಲೆಟರ್ ತೆಗೆದೆ. ನನ್ನ ಬಾಲ್ ಪೆನ್ನು ಚೆನ್ನಾಗಿಯೇ ಇತ್ತು. ಸುಳ್ಳೇಕೆ ಹೇಳಲಿ, ಆಸೆ. ಮಾವನವರ ಪೆನ್ನು ತೆಗೆದು, ಎಡಗೈಯಲ್ಲಿ ಹಿಡಿದು, ನಾಲ್ಕು ಸಾಲು ಬರೆದಿದ್ದೆ. ಅತ್ತೆಯ ಹೆಜ್ಜೆ ಸದ್ದಾಯಿತು. ಯಾರಾದರೂ ಬಂದರೆ ಕೈಯಲ್ಲಿದ್ದದ್ದನ್ನು ಎಡದಿಂದ ಬಲಕ್ಕೆ ಹಾರಿಸುವುದು ಆಗ ನನಗೆ ಅಭ್ಯಾಸವಾಗಿಹೋಗಿತ್ತು. ಸೌಟು, ಪೊರಕೆ ಎಲ್ಲ ಹಾರುತ್ತಿದ್ದವು. ಪೆನ್ನು ಮಾತ್ರ ಬಲಗೈಗೆ ಬರಲಿಲ್ಲ. ನಿಬ್ಬು ಕೆಳಗಾಗಿ ಬಂಡೆ ಹಾಸಿದ ನೆಲದ ಮೇಲೆ ಬಿತ್ತು. ಎತ್ತಿ ನೋಡಿದರೆ ಗಿಳಿಯ ಕೊಕ್ಕು! ಅತ್ತೆ ನೀರು ಕುಡಿಯಲು ಬಂದಿದ್ದರಂತೆ. ಕುಡಿದು ಹೋಗಿ ಮಲಗಿದರು.

ಮಾರನೆಯ ಬೆಳಿಗ್ಗೆ ಅಮ್ಮ ಕನಸಿನಲ್ಲಿ ಬಂದು ಅತ್ತಳೆಂದು ಹೇಳಿ ನಾನೂ ಸ್ವಲ್ಪ ಕಣ್ಣೀರು ಹಾಕಿದೆ. ನನ್ನ ಗಂಡ ಯಾವುದಕ್ಕಾದರೂ "ಅಮ್ಮನ್ನ ಕೇಳು" ಅನ್ನುವವರು. ಅತ್ತೆ, "ನೋಡ್ಕೊಂಡು ನಾಳೆ ಬಂದ್ಬುಡಮ್ಮ" ಅಂದರು. ಇಂಕು ಚೆಲ್ಲಿ, ಪೆನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಹಿಂದೂಪುರದ ಬಜಾರಿನಲ್ಲಿ ಗಡಿಯಾರದ ಅಂಗಡಿಯ ಜಗಲಿಯ ಮೇಲೆ ಪೆನ್ನು ರಿಪೇರಿ ಮಾಡುವ ತಾತ ಕೂರುತ್ತಿದ್ದ. ನಿಬ್ಬು ನೋಡಿ, "ಏಮ್ಮಾ, ಇದ್ರಾಗೆ ತೆಂಗಿನಕಾಯಿ ಸುಲಿದ್ಯಾ?" ಅಂದ. ನಿಬ್ಬು ಕಿತ್ತು, ತೊಳೆದು, ಹಿತ್ತಾಳೆಯ ಕಡ್ಡಿಯ ಮೇಲಿಟ್ಟು ಉಗುರಿನಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಿದ. ಮತ್ತೆ ಕೂರಿಸಿ, ಇಂಕು ಹಾಕಿ, "ಬರಿಯಮ್ಮ" ಅಂದ. ಬರೆದೆ. ತಾತ ಅಕ್ಷರ ನೋಡಲಿಲ್ಲ, ನನ್ನ ಕೈಯನ್ನೇ ನೋಡಿದ. ನಿಬ್ಬನ್ನು ಸಾಣೆಕಲ್ಲಿಗೆ ಎರಡು ಸಲ ಉಜ್ಜಿದ. "ಮತ್ತೆ ಬರಿ." ಐದಾರು ಸಲ ಹೀಗಾಯಿತು. ಕೊನೆಗೆ ಅದು ಬೆಣ್ಣೆಯ ಮೇಲೆ ಬರೆದ ಹಾಗೆ ಓಡಿತು.

"ಇನ್ನು ಯಾರ್ಗೂ ಕೊಡ್ಬೇಡ. ನಿನ್ನ ಕೈಗೆ ಕೂರ್ಸಿದೀನಿ" ಅಂದ. ನಾನು ಹಲ್ಲು ಕಿರಿದುಕೊಂಡು "ಹೂಂ ತಾತ" ಅಂದೆ.

ಕನಸಿನಲ್ಲಿ ಅತ್ತಿದ್ದ ಅಮ್ಮ ಆ ರಾತ್ರಿಯೆಲ್ಲ ಗಟ್ಟಿಮುಟ್ಟಾಗಿ ಬೈದಳು. ಮರುದಿನ ವಾಪಸು ಬರುವಾಗ ಬಸ್ಸು ಪೆನುಕೊಂಡ ದಾಟಿದ ಮೇಲೆ ತಾತನ ಮಾತು ತಲೆಗೆ ಹೊಕ್ಕಿತು. ನಿನ್ನ ಕೈಗೆ. ಯಾವ ಕೈಗೆ? ಅಯ್ಯೋ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅತ್ತೆಯ ಕಣ್ಣಿಲ್ಲದ ಊರೆಂದು ಹಾಯಾಗಿ ಎಡಗೈಯಲ್ಲೇ ಬರೆದುಕೊಂಡು ಕೂತಿದ್ದೆ. ತಿರುಗಿ ಹೋಗೋಣವೆಂದರೆ ಮಾವನವರು ಅವತ್ತು ಸಂಜೆಗೇ ಬರುವವರಿದ್ದರು.

ಬಂದರು. ಬೆಳಿಗ್ಗೆ ಎಂದಿನಂತೆ ಕಾಗದದ ನೆತ್ತಿಯ ಮೇಲೆ "ಶ್ರೀ" ಬರೆಯಲು ಹೋದರು. ಕರ್ ಎಂದಿತು. ಕಾಗದ ಬದಲಾಯಿಸಿದರು. ಕರ್ ಕರ್. ನಿಬ್ಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನನ್ನು ಎಡಗೈಗೆ ತೆಗೆದುಕೊಂಡು ಒಂದು ಗೆರೆ ಎಳೆದರು. ನಿಬ್ಬು ಸದ್ದಿಲ್ಲದೆ ಜಾರಿತು.

"ಬಾರಮ್ಮ ಇಲ್ಲಿ" ಎಂದು ನನ್ನನ್ನು ಕರೆದರು. "ಈ ಮನೇಲಿ ಎಡಗೈಯೋರು ಯಾರು?"

ಸಾಮಾನು ಕಟ್ಟಿಸಿ ತವರಿಗೆ ಕಳಿಸುತ್ತಾರೆಂದೇ ತಿಳಿದಿದ್ದೆ. ಬಾಯಿ ಬಿಡುವಷ್ಟರಲ್ಲಿ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು.

"ಅದೇನು ಪೊಲೀಸ್ನೋರಂಗೆ ಕೇಳ್ತೀರಾ? ಅವ್ಳು ಎಡಚಿ ಅಂತ ಬಂದ ಮೂರ್ನೇ ದಿನಕ್ಕೇ ನಂಗೊತ್ತು. ಬಲಗೈಲಿ ಕಸ ಗುಡ್ಸಿದ್ರೆ ಬಾಗ್ಲಾಚೆ ಹೋಗೋ ಕಸ ಎಲ್ಲಾ ದೇವ್ರ ಮೂಲೆಗೋಗಿ ಕುಂತ್ಕಂತದೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?" ಅಂದರು ಮಾವ.

"ನಿಮ್ಗೇಳಿದ್ರೆ ಪತ್ರ ಬರ್ದು ಬಜಾರಿಗೆಲ್ಲಾ ಹಂಚ್ತಿದ್ರಿ."

ನಾನು ಅಳತೊಡಗಿದೆ. ಪೆನ್ನು ಬೀಳಿಸಿದ್ದು, ಹಿಂದೂಪುರ, ಕನಸು, ಎಲ್ಲ ಒದರಿಬಿಟ್ಟೆ. ಅಮ್ಮನದೇನೂ ತಪ್ಪಿಲ್ಲ ಅಂದೆ. ಮಾವನವರು ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗಿಟ್ಟರು. "ತಗಳಮ್ಮ. ಇದಿನ್ನು ನನ್ನ ಮಾತು ಕೇಳಲ್ಲ." ಕೊಡುವಾಗ ಅವರ ಕೈ ಒಂದು ಗಳಿಗೆ ಅದನ್ನು ಬಿಡಲಿಲ್ಲ. ನನಗೆ ತುಂಬ ನಾಚಿಕೆಯಾಯಿತು.

"ಅಳಾದು ಆಮ್ಯಾಕೆ" ಅಂದರು ಅತ್ತೆ. "ಆರು ತಿಂಗ್ಳಿಂದ ಗಂಟು ಗಂಟು ಮುದ್ದೆ ನುಂಗಿದೀವಿ. ಹೊಸ ಸೊಸೆಗೆ ಬೇಜಾರಾಯ್ತದೆ ಅಂತ ಬಾಯ್ ಬಿಟ್ಟಿಲ್ಲ. ದೇವ್ರಿಗೆ, ಬಡ್ಸಾಕೆ ಬಲಗೈ. ಮಿಕ್ಕಿದ್ದಕ್ಕೆ ಯಾವ್ದು ನೆಟ್ಟಗೈತೋ ಅದ್ರಾಗೆ ಮಾಡು. ಹೋಗು, ಎಸರು ಕುದೀತೈತೆ."

ಅವತ್ತು ಕೋಲನ್ನು ಎಡಗೈಯಲ್ಲಿ ಹಿಡಿದು ಮುದ್ದೆ ತಿರುವಿದೆ. ಬಲಗೈಯಲ್ಲಿ ಬಡಿಸಿದೆ. ಮಾವನವರು ತಲೆಯೆತ್ತದೆ ಉಂಡರು. ಮುಗಿಸಿ, "ಇನ್ನೊಂದು ಹಾಕಮ್ಮ" ಅಂದರು. ನಾನು ಆ ಮನೆಗೆ ಬಂದಮೇಲೆ ಅವರು ಎರಡನೇ ಮುದ್ದೆ ಕೇಳಿದ್ದು ಅದೇ ಮೊದಲು.