ನಮ್ಮತ್ತಿಗೆ ಹೊಗಳಿದ ಹುಡುಗ

ನಮ್ಮ ಅತ್ತಿಗೆ ಅರ್ಲೀನ್ ಅವರ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಮಿಸಿಸಿಪ್ಪಿಯ ನಮ್ಮ ಸಣ್ಣ ಕಾಲೇಜಿನಲ್ಲಿ ಫುಟ್‌ಬಾಲ್ ಹುಡುಗರ ಬಟ್ಟೆ ಒಗೆಯುತ್ತ ಅರ್ಧ ಆಯುಷ್ಯ ಕಳೆದವರು ಅವರು. ಯಾರ ಹುಡುಗಿ ಕೈಕೊಟ್ಟಳು, ಯಾರ ಅಪ್ಪ ಜೈಲಿನಲ್ಲಿದ್ದಾನೆ, ಯಾರು ಅಮ್ಮನನ್ನು ನೆನೆದು ಅಳುತ್ತಾನೆ, ಎಲ್ಲ ಅವರಿಗೆ ಗೊತ್ತಿತ್ತು. ಅದರಲ್ಲಿ ಒಂದು ಮಾತೂ ಆ ಒಗೆಯುವ ಕೋಣೆಯ ಬಾಗಿಲು ದಾಟಿದ್ದಿಲ್ಲ. ನಾನು ಅದೇ ತಂಡದ ಬಸ್ಸು ಓಡಿಸುವವನು, ಅವರ ಗಂಡನ ತಮ್ಮ. ನನಗೂ ಹೇಳುತ್ತಿರಲಿಲ್ಲ.

ಬೈಗುಳಕ್ಕೆ ಮಾತ್ರ ಬರವಿರಲಿಲ್ಲ. "ಏಯ್, ನಿನ್ನ ಕಾಲು ಬೇಡ ಅಂತ ನಿನ್ನ ಸಾಕ್ಸು ತಾನೇ ನಡ್ಕೊಂಡು ಬಂತು ನೋಡೋ," ಎನ್ನುವರು. ಆರಡಿ ದಾಂಡಿಗರು ತಲೆ ತಗ್ಗಿಸಿ "ತಪ್ಪಾಯ್ತು ಅತ್ತೆ" ಎನ್ನುವರು. ಎಲ್ಲರಿಗೂ ಅವರು ಅತ್ತೆ. ಸ್ವಂತ ಮಕ್ಕಳಿರಲಿಲ್ಲ. ನಮ್ಮಣ್ಣ ಹೋದ ಮೇಲೆ ಮನೆಯಲ್ಲಿ ಬೈಯಲೂ ಯಾರೂ ಇರಲಿಲ್ಲ.

ಜಕೋರಿ ನಮ್ಮ ತಂಡಕ್ಕೆ ಬಂದದ್ದು ಆಗ. ಅವನ ತಾಯಿ ಶರಾಂಡಾ ಪಕ್ಕದ ಊರಿನ ಕಾರ್ಖಾನೆಯಲ್ಲಿ ಮೀನು ಸೀಳುವವಳು. ಪಾಪ, ಸೀಳಿ ಸೀಳಿ ಅವಳ ಬೆರಳು ಸರಿಯಾಗಿ ಮಡಚಲೂ ಬರುತ್ತಿರಲಿಲ್ಲ. ಹುಡುಗ ಕಡ್ಡಿಯ ಹಾಗಿದ್ದ. ಭಾನುವಾರ ಚರ್ಚು ಮುಗಿದರೆ ಅತ್ತಿಗೆಯ ಮನೆಯಲ್ಲೇ ಅವನ ಊಟ: ಕೆಂಪು ಬೀನ್ಸು, ಅನ್ನ, ಕರಿದ ಕೋಳಿ. "ತಿನ್ನೋ, ಗಾಳಿ ಬಂದ್ರೆ ಹಾರಿಹೋಗ್ತೀಯ," ಎಂದು ಬಡಿಸಿದ್ದೇ ಬಡಿಸಿದ್ದು.

ಅಂಗಳಕ್ಕಿಳಿದರೆ ಅವನೇ ಬೇರೆ. ನಮ್ಮ ಫುಟ್‌ಬಾಲ್ ಅಂದರೆ ತಲೆಗೆ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಅದರಲ್ಲಿ ಜಕೋರಿಯದು ಕಾರ್ನರ್ ಜಾಗ. ಚೆಂಡು ಹಿಡಿಯಲು ಓಡಿಬರುವ ಎದುರಾಳಿಯನ್ನೇ ನೋಡುತ್ತ ಇವನು ಹಿಮ್ಮುಖವಾಗಿ ಓಡಬೇಕು. ಅವನು ಎತ್ತ ತಿರುಗಿದನೋ ಅದೇ ಗಳಿಗೆಗೆ ತಾನೂ ಸೊಂಟ ತಿರುಗಿಸಿ ಅವನ ಬೆನ್ನು ಹತ್ತಬೇಕು. ಒಂದು ಹೆಜ್ಜೆ ತಡವಾದರೆ ಊರೆಲ್ಲ ನೋಡುತ್ತಿರುವಾಗಲೇ ಮಾನ ಹೋಗುತ್ತದೆ. ಜಕೋರಿಯ ಸೊಂಟ ಎಣ್ಣೆ ಹಾಕಿದ ಕೀಲಿನ ಹಾಗೆ ತಿರುಗುತ್ತಿತ್ತು. ನಾನು ಅಂಥವನನ್ನು ಇನ್ನೊಬ್ಬನನ್ನು ಕಂಡಿಲ್ಲ.

ಅವನ ಕೊನೆಯ ವರ್ಷದ ಮಾರ್ಚಿನಲ್ಲಿ ದೊಡ್ಡ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟುಗಳು ಅವನನ್ನು ಪರೀಕ್ಷಿಸಲು ಬಂದರು. ಏಪ್ರಿಲ್ ಕೊನೆಗೆ ಡ್ರಾಫ್ಟ್, ಅಂದರೆ ಆ ತಂಡಗಳು ಸಂಬಳ ಕೊಟ್ಟು ಆಡಿಸಲು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನಗಳು. ಅಲ್ಲಿ ಯಾವುದಾದರೂ ಒಂದು ತಂಡ ಅವನ ಹೆಸರು ಕೂಗಿದರೆ ಶರಾಂಡಾ ಮೀನಿನ ಚೂರಿ ಕೆಳಗಿಡಬಹುದು. ನಮಗೆಲ್ಲ ಬೇಕಾಗಿದ್ದದ್ದು ಅಷ್ಟೇ. ಬಂದ ಮಹಾಶಯರು ಸಂತೆಯಲ್ಲಿ ಹೋರಿ ನೋಡುವ ಹಾಗೆ ಅವನನ್ನು ನೋಡಿದರು. ತೋಳು ಅಳೆದರು, ಅಂಗೈ ಅಳೆದರು, ಹಿಂದಕ್ಕೆ ಓಡಿಸಿದರು, ಮುಂದಕ್ಕೆ ಓಡಿಸಿದರು. ನನಗೆ ಮೈ ಉರಿಯಿತು. ಆದರೆ ಅವನ ಓಟ ನೋಡಿ ತಲೆದೂಗಿದ್ದೂ ನಿಜ. ಬೇಲಿಯ ಹತ್ತಿರ ಇಬ್ಬರು ಆಡಿಕೊಂಡ ಮಾತು ಮಾತ್ರ, ಟವೆಲು ಹೊತ್ತು ತಂದ ಅತ್ತಿಗೆಯ ಕಿವಿಗೆ ಬಿತ್ತು.

"ಕಾಲು ಚೆನ್ನಾಗಿದೆ. ಮೈಯೇ ಇಲ್ವಲ್ಲ? ಒಂದು ಪೆಟ್ಟು ಬಿದ್ರೆ ಮಲಗಿಬಿಡ್ತಾನೆ."

ಅತ್ತಿಗೆ ಟವೆಲಿನ ಗಂಟನ್ನು ಧೊಪ್ಪೆಂದು ಅವರ ಕಾಲ ಬಳಿ ಹಾಕಿ ಬಂದರು.

ಮಧ್ಯಾಹ್ನ ವೆಂಡೆಲ್ ಗ್ರಿಗ್ಸ್ ಎಂಬ ಸ್ಕೌಟ್ ಒಗೆಯುವ ಕೋಣೆಗೆ ಬಂದ. ಹಿಂದೆ ತಾನೂ ಕಾರ್ನರ್ ಆಡಿದವನಂತೆ, ಈಗ ಕುಂಟುತ್ತಿದ್ದ. ತರಬೇತುದಾರರು ತಮ್ಮ ಹುಡುಗರನ್ನು ಹೊಗಳಲೇಬೇಕು, ನಿಜ ಬೇಕಾದರೆ ಅಡುಗೆಯವರನ್ನು, ಬಟ್ಟೆ ಒಗೆಯುವವರನ್ನು ಕೇಳಬೇಕು ಎಂಬುದು ಅವನ ಪದ್ಧತಿ. ಚೀಲ ಒಯ್ಯಲು ಬಂದಿದ್ದ ನಾನು ಅಲ್ಲೇ ನಿಂತಿದ್ದೆ. ಅತ್ತಿಗೆ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಮನೆಯಲ್ಲಿ ಮಾಡಿದ ಸಿಹಿ ಬಿಸ್ಕತ್ತು ಕೈಗಿಟ್ಟರು.

"ಜಕೋರಿ ಹೇಗಮ್ಮಾ, ಹುಡುಗ?"

"ಹೇಗೆ ಅಂದ್ರೆ? ಬಂಗಾರ! ನಿಮ್ಮೋರು ಯಾರೋ ಹೇಳ್ತಿದ್ರು, ಒಂದು ಪೆಟ್ಟಿಗೆ ಮಲಗ್ತಾನೆ ಅಂತ. ಅವ್ರ ಬಾಯಿಗಿಷ್ಟು ಮಣ್ಣು ಹಾಕ. ಕೇಳಿ ಇಲ್ಲಿ, ಇದನ್ನ ನಾನು ಒಂದು ನರಪಿಳ್ಳೆಗೂ ಹೇಳಿಲ್ಲ. ಅಕ್ಟೋಬರ್‌ನಲ್ಲಿ ಒಂದಾಟ. ಎದುರಿನವನ ಮೊಣಕಾಲು ಇವನ ತಲೆಗೆ ಢಂ ಅಂತ ಬಡೀತು. ಎದ್ದು ನನ್ನ ಹತ್ರ ಬಂದ. ಹೆಲ್ಮೆಟ್ ಬಿರುಕು ಬಿಟ್ಟಿತ್ತು. 'ಅತ್ತೆ, ನಾವು ಯಾವ ಊರಲ್ಲಿದ್ದೀವಿ?' ಅಂದ. 'ನಮ್ಮೂರೇ ಕಣೋ' ಅಂದೆ. 'ಯಾರಿಗೂ ಹೇಳ್ಬೇಡ, ಬೇರೆ ಹೆಲ್ಮೆಟ್ ಕೊಡು' ಅಂದ. ಕೊಟ್ಟೆ. ಹೋದ, ಚೆಂಡು ಕಸ್ಕೊಂಡೇ ಬಂದ! ಮಾರನೇ ದಿನ ಕೇಳಿದ್ರೆ ಆಟ ಆಡಿದ್ದೇ ನೆನಪಿಲ್ಲ ಅವನಿಗೆ. ನೆನಪೇ ಇಲ್ದೆ ಗೆಲ್ಲಿಸ್ದ ಸಾರ್! ಅಂಥ ಗಂಡು ನಿಮಗೆ ಇನ್ನೆಲ್ಲಿ ಸಿಗ್ತಾನೆ?"

ಗ್ರಿಗ್ಸ್ ಬಿಸ್ಕತ್ತನ್ನು ಕೆಳಗಿಟ್ಟ. "ಡಾಕ್ಟ್ರು ನೋಡಿದ್ರಾ ಅಮ್ಮಾ?"

"ಯಾವ ಡಾಕ್ಟ್ರು? ಹೇಳ್ಬೇಡ ಅಂದ್ಮೇಲೆ ಹೇಳ್ತೀನಾ ನಾನು? ಆಮೇಲೂ ಒಂದೆರಡು ಸಲ ಹಾಗೇ ಆಯ್ತು. ಒಂದು ದಿನಾನೂ ರಜ ಹಾಕ್ಲಿಲ್ಲ ನಮ್ಮಪ್ಪ."

ಆ ಮನುಷ್ಯ ಎದ್ದು, ಅತ್ತಿಗೆಯ ಕೈ ಹಿಡಿದು, "ನೀವು ಹೇಳಿದ್ದು ಒಳ್ಳೇದಾಯ್ತಮ್ಮ," ಎಂದು ಕುಂಟುತ್ತ ಹೊರಟುಹೋದ.

ನಾನು ಚೀಲ ಕೆಳಗಿಟ್ಟೆ. "ಅದನ್ನ ಯಾಕೆ ಹೇಳೋಕೆ ಹೋದ್ರಿ ಅತ್ತಿಗೆ? ತಲೆ ಪೆಟ್ಟು ಅಂದ್ರೆ ಈಗಿನ ಕಾಲ್ದಲ್ಲಿ ತಂಡದೋರು ಹೆದರ್ತಾರೆ."

"ಹೋಗೋ ಲೂಷಸ್, ಬಸ್ಸಿಗೆ ಡೀಸೆಲ್ ಹಾಕ್ಸು ಹೋಗು. ಆಡಿದ್ದೀಯಾ ನೀನು ಯಾವತ್ತಾದ್ರೂ? ನೋಡ್ಲಿಲ್ವಾ, ನಾನು ಹೇಳಿದ್ದು ಕೇಳಿ ಆ ಮನುಷ್ಯನ ಕಣ್ಣಲ್ಲಿ ನೀರು ಬಂತು."

ನೀರು ಬಂದದ್ದು ನಿಜ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಏಪ್ರಿಲ್ ಹುಟ್ಟುತ್ತಲೇ ಒಂದು ತಂಡದವರು ಜಕೋರಿಯನ್ನು ಕರೆಸಿ ತಲೆ ಸ್ಕ್ಯಾನ್ ಮಾಡಿಸಿದರು. ಆಮೇಲೆ ಇನ್ನೊಂದು ತಂಡ. ಇದೆಲ್ಲ ಯಾಕೆಂದು ಅವನಿಗೆ ತಿಳಿಯಲಿಲ್ಲ. "ಅಷ್ಟು ದೊಡ್ಡ ತಂಡ, ಸುಮ್ನೆ ತಗೊಳ್ತಾರಾ? ಮೂಳೆ ಮೂಳೆ ನೋಡಿ ತಗೊಳ್ತಾರೆ," ಎಂದು ಅತ್ತಿಗೆ ಧೈರ್ಯ ಹೇಳಿದರು. ದೇವರೇ, ನಾನು ಅಂದುಕೊಂಡದ್ದು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಡ್ರಾಫ್ಟಿನ ಮೂರೂ ದಿನ ನಾವು ಶರಾಂಡಾಳ ಮನೆಯಲ್ಲಿ ಟಿವಿ ಮುಂದೆ ಕೂತೆವು. ಜಕೋರಿಗೆ ಸಾಟಿಯೇ ಅಲ್ಲದ ಹುಡುಗರ ಹೆಸರು ಬಂದವು. ಅವನ ಕಣ್ಣೆದುರೇ ಎಡವಿ ಬಿದ್ದವರ ಹೆಸರೂ ಬಂತು. ಇವನದು ಬರಲಿಲ್ಲ. ಶನಿವಾರ ಕೊನೆಯ ಹೆಸರು ಕೂಗಿ ಮುಗಿದ ಮೇಲೆ ಫೋನು ಬಂತು. ತಂಡಗಳ ಜೊತೆ ಅವನ ಪರವಾಗಿ ಮಾತಾಡುವ ಏಜೆಂಟ್. ತಾಯಿಗೂ ಕೇಳಲಿ ಎಂದು ಜಕೋರಿ ಸ್ಪೀಕರ್ ಹಾಕಿದ.

"ನಿನ್ನ ತಲೆ ವಿಷಯ ಎಲ್ಲಾ ತಂಡಕ್ಕೂ ಗೊತ್ತಾಗಿದೆ. ಆಟದ ಮಧ್ಯೆ ಯಾವ ಊರಲ್ಲಿದ್ದೀನಿ ಅಂತಾನೇ ನಿನಗೆ ಗೊತ್ತಿರ್ಲಿಲ್ವಂತೆ? ಸ್ಕ್ಯಾನಲ್ಲೂ ಕಾಣ್ತಿದೆ. ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಕುತ್ತು ಬರುತ್ತೆ ಅಂತಾರೆ ಡಾಕ್ಟ್ರು. ಯಾರೂ ಮುಟ್ಟಲ್ಲ ಮಗಾ. ಯಾವ ಪುಣ್ಯಾತ್ಮ ಹೇಳಿದ್ನೋ, ನನಗಂತೂ ಗೊತ್ತಿಲ್ಲ."

ಜಕೋರಿ ಆ 'ಯಾವ ಊರಲ್ಲಿದ್ದೀವಿ' ಎಂಬ ಮಾತನ್ನು ಈ ಭೂಮಿಯ ಮೇಲೆ ಒಬ್ಬರನ್ನು ಬಿಟ್ಟು ಯಾರ ಹತ್ತಿರವೂ ಆಡಿದವನಲ್ಲ. ಅವನು ಮೆಲ್ಲಗೆ ತಲೆಯೆತ್ತಿ ಅಡುಗೆಮನೆಯ ಕಡೆ ನೋಡಿದ. ನಾವೂ ನೋಡಿದೆವು. ಬಾಣಲೆಯ ಚುರ್ರೆನ್ನುವ ಸದ್ದಿನಲ್ಲಿ ಏನೂ ಕೇಳಿಸಿಕೊಳ್ಳದ ಅತ್ತಿಗೆ, ಕೋಳಿಯ ತಟ್ಟೆ ಹಿಡಿದು ಓಡೋಡಿ ಬಂದರು.

"ಫೋನ್ ಬಂತಾ? ಯಾವ ತಂಡ? ಹೇಳ್ರೋ!"

ಶರಾಂಡಾ ಎದ್ದು ನಿಂತಳು. ಅವಳ ಮುಖ ನೋಡಿ, ಹೊಡೆದೇ ಬಿಡುತ್ತಾಳೆ ಅಂದುಕೊಂಡೆ. ಜಕೋರಿ ಅವಳ ಮಣಿಕಟ್ಟು ಹಿಡಿದುಕೊಂಡ.

"ಯಾರೂ ತಗೊಳ್ಳಿಲ್ಲ ಅತ್ತೆ," ಎಂದ. "ಮೈ ಸಣ್ಣ ಅಂದ್ರಂತೆ."

"ಅವ್ರ ಕಣ್ಣು ಸೇದಿಹೋಗ! ನಾನು ಆ ಕುಂಟನಿಗೆ ಅಷ್ಟು ಚೆನ್ನಾಗಿ ಹೇಳಿದ್ನಲ್ಲೋ ಕಂದಾ," ಎಂದು ಅತ್ತಿಗೆ ತಟ್ಟೆಯನ್ನು ನನ್ನ ಕೈಗೆ ತುರುಕಿ ಅವನನ್ನು ತಬ್ಬಿಕೊಂಡರು. ಅವನು ಅವರ ಹೆಗಲಿಗೆ ಮುಖವೊತ್ತಿ ಬಿಕ್ಕಿ ಬಿಕ್ಕಿ ಅತ್ತ. ಅಂಥ ಅಳುವನ್ನು ನಾನು ಸಾವಿನ ಮನೆಯಲ್ಲೂ ಕೇಳಿಲ್ಲ. ಅತ್ತಿಗೆ ಅವನ ಬೆನ್ನು ಸವರುತ್ತಲೇ ಇದ್ದರು.

ಅವನು ಮತ್ತೆ ಆಡಲಿಲ್ಲ. ಈಗ ಟಯರು ಅಂಗಡಿಯಲ್ಲಿದ್ದಾನೆ. ಶರಾಂಡಾ ಇನ್ನೂ ಮೀನು ಸೀಳುತ್ತಿದ್ದಾಳೆ. ಚರ್ಚಿನಲ್ಲಿ ಅತ್ತಿಗೆಯನ್ನು ಕಂಡರೆ ದೂರದ ಬೆಂಚಿಗೆ ಹೋಗಿ ಕೂರುತ್ತಾಳೆ. ಅವಳನ್ನು ದೂರಲು ನನಗೆ ನಾಲಗೆ ಏಳುವುದಿಲ್ಲ. ಅರ್ಲೀನ್ ಬಾಯಿಬಿಟ್ಟದ್ದರಿಂದಲೇ ಹುಡುಗ ಬದುಕಿಕೊಂಡ ಎನ್ನುವವರಿದ್ದಾರೆ. ಇರಬಹುದು. ಆ ಮಾತನ್ನು ಶರಾಂಡಾಳ ಮುಂದೆ ಆಡಿ ನೋಡಿ. ಆದರೆ ಇಡೀ ಊರಿಗೆ ಗೊತ್ತಿದ್ದ ಸಂಗತಿಯನ್ನು ಅತ್ತಿಗೆಗೆ ಒಬ್ಬರೂ ಹೇಳಲಿಲ್ಲ. ಹೇಳಬಾರದೆಂದು ಜಕೋರಿ ಎಲ್ಲರನ್ನೂ ಕೇಳಿಕೊಂಡಿದ್ದ, ತನ್ನ ತಾಯಿಯನ್ನೂ ಸೇರಿಸಿ.

ಭಾನುವಾರದ ಊಟವನ್ನೂ ಅವನು ಬಿಡಲಿಲ್ಲ. ಮೊಣಕಾಲು ಸೋತು ಅತ್ತಿಗೆ ಕೆಲಸ ಬಿಟ್ಟ ಮೇಲೆ ಅಡುಗೆಗೂ ಅವನೇ ಕೈಹಾಕುತ್ತಾನೆ. ಮೊನ್ನೆ ಮೂವರೂ ಊಟಕ್ಕೆ ಕೂತಿದ್ದೆವು. ಅತ್ತಿಗೆ ಚಮಚ ಕೆಳಗಿಟ್ಟರು.

"ಜಕೋರಿ, ಒಂದು ಮಾತು ಇಷ್ಟು ವರ್ಷದಿಂದ ಮನಸ್ಸಲ್ಲಿ ಕೊರೀತಾ ಇದೆ ಕಣೋ. ಅವತ್ತು ಆ ಮನುಷ್ಯನಿಗೆ ನಿನ್ನ ವಿಷಯ ಹೇಳೋವಾಗ ನಾನೇ ಏನಾದ್ರೂ ಬಿಟ್ಬಿಟ್ನಾ? ಇನ್ನೊಂದು ಮಾತು ಹೇಳಿದ್ದಿದ್ರೆ ತಗೊಳ್ತಿದ್ರೇನೋ ನಿನ್ನ."

"ಇಲ್ಲ ಅತ್ತೆ," ಎಂದ ಜಕೋರಿ. "ನೀನು ಏನೂ ಬಿಡ್ಲಿಲ್ಲ."

"ನಿಜ ಹೇಳು."

"ನಿಜ ಅತ್ತೆ. ನೀನು ಎಲ್ಲಾ ಹೇಳ್ದೆ," ಎಂದು ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದ.