ಮಾದೇಶನ ಗಂಟಲು

ಮೈಕಿನ ಮುಂದೆ ನಿಂತರೆ ಎದುರಿಗಿದ್ದವರ ಎದೆ ನಡುಗಿಸುತ್ತಿದ್ದ ಮಾದೇಶ, ಕರೆಂಟು ಹೋದರೆ ಮಾತ್ರ ನನ್ನ ಅಂಗಿಯ ತೋಳು ಹಿಡಿದುಕೊಳ್ಳುತ್ತಿದ್ದ. ಎತ್ತರದ ಆಳು, ಬೆನ್ನಿನ ತನಕ ಇಳಿಬಿಟ್ಟ ಕೂದಲು. ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸಿಳಿದರೆ, ತನ್ನೂರಿನ ಕಡೆ ಹೋಗುವವರು ಯಾರಾದರೂ ಸಿಗುವ ತನಕ ಟೀ ಅಂಗಡಿಯಲ್ಲೇ ಕೂತಿರುತ್ತಿದ್ದ. ಯಾರಾದರೂ ನಕ್ಕರೆ, "ನಗು, ನಗು. ಕಾಡಂಚಲ್ಲಿ ಉಟ್ಟಿದ್ರೆ ಗೊತ್ತಾಗ್ತಿತ್ತು ನಿಂಗೆ" ಎನ್ನುತ್ತಿದ್ದ.

ನಾವು ಜೊತೆಯಾದದ್ದು ಹುಣಸೂರಿನಲ್ಲಿ ಓದುವಾಗ, ತೊಂಬತ್ತರ ದಶಕದ ನಡುವೆ. ನಮ್ಮ ರೂಮಿಗೆ ಮೆಟಲ್ ಸಂಗೀತ ತಂದವನು ಕೊಡಗಿನ ಪೊನ್ನಪ್ಪ. ಅವನ ಹತ್ತಿರ ಒಂದು ಗಿಟಾರೂ ಹೊರದೇಶದ ಒಂದಷ್ಟು ಕ್ಯಾಸೆಟ್ಟುಗಳೂ ಇದ್ದವು. ಮೊದಲ ಸಲ ಕೇಳಿದಾಗ ನನಗದು ಹಾಡು ಅನ್ನಿಸಲೇ ಇಲ್ಲ. ಸಾಮಿಲ್ಲಿನ ಗರಗಸದಂಥ ಗಿಟಾರು, ಅಟ್ಟಿಸಿಕೊಂಡು ಬರುವ ಡ್ರಮ್ಮು, ಅದರ ಮೇಲೆ ಗಂಟಲಿನ ತಳದಿಂದ ಗುರುಗುಟ್ಟುವ ಒಬ್ಬ ಮನುಷ್ಯ. "ಅದೆಷ್ಟು ಕೋಪನೋ ಅವ್ನಿಗೆ" ಎಂದೆ. ಮಾದೇಶ ಎದ್ದು ಹೊರಗೆ ಹೋಗಿಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಬಂದು ಬಾಗಿಲಲ್ಲೇ ನಿಂತ.

"ಇನ್ನೊಂದ್ಸಲ ಆಕು ಪೊನ್ನಪ್ಪ. ಅವ್ನಿಗೆ ಕೋಪ ಅಲ್ಲ ಕಣ್ಲಾ. ಹೆದ್ರಿಕೊಂಡವ್ನೆ. ನನ್ನಂಗೇ."

ಹಾಗೆ ಹುಟ್ಟಿದ್ದು ನಮ್ಮ ಬ್ಯಾಂಡು. ಹೆಸರು 'ಕಾಡಂಚು'. ಪೊನ್ನಪ್ಪ ಗಿಟಾರಿಗೆ, ನಾನು ಡ್ರಮ್ಮಿಗೆ, ಮಾದೇಶ ಹಾಡುವುದಕ್ಕೆ. ರಾವಂದೂರಿನ ಹತ್ತಿರ ನಮ್ಮ ಮನೆಯವರ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಇತ್ತು. ಸೊಪ್ಪಿನ ಕಾಲ ಮುಗಿದ ಮೇಲೆ ಆ ಕಿಟಕಿಯಿಲ್ಲದ ಎತ್ತರದ ಕೋಣೆಯಲ್ಲಿ ನಾವು ಅಭ್ಯಾಸ ಮಾಡುತ್ತಿದ್ದೆವು. ಮೊದಲ ಕ್ಯಾಸೆಟ್ಟಿನ ಹಾಡುಗಳೆಲ್ಲ ಅಲ್ಲೇ ಆದವು. ಬರೀ ಓಟ, ಬರೀ ಕೂಗು. ಎರಡು ಹಾಡಿನ ನಡುವೆ ಉಸಿರು ಬಿಡಲಿಕ್ಕೂ ಮಾದೇಶ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನ ತಾಯಿ ಅವನನ್ನು ಹುಡುಕಿಕೊಂಡು ಬಂದರು. ನಾನು ನೀರಿಗೆಂದು ಹೊರಗೆ ಬಂದಾಗ ಬ್ಯಾರನ್ನಿನ ಗೋಡೆಗೆ ಒರಗಿ ನಿಂತು ಬೆವರುತ್ತಿದ್ದರು.

"ಒಳಗೆ ಅದೇನಪ್ಪ ಕೂಗ್ತಿರಾದು? ನನ್ ಮಗ ಎಲ್ಲವ್ನೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮಾದೇಶನೇ ಹೊರಬಂದ. "ನಾನೇ ಕಣವ್ವ ಕೂಗಿದ್ದು" ಎಂದ. ಅವರು ನಂಬಲಿಲ್ಲ. ಹತ್ತಿರ ಬಂದು ಅವನ ಗಂಟಲನ್ನು ಬೆರಳಿಂದ ಸವರಿ ನೋಡಿದರು, ಒಳಗೆ ಬೇರೆ ಯಾರಾದರೂ ಇದ್ದಾರೇನೋ ಎನ್ನುವ ಹಾಗೆ. ಆ ನೋಟ ಕಂಡು ನನಗೂ ಅವನ ಬಗ್ಗೆ ಒಂದು ಭಯ ಶುರುವಾಯಿತು.

ಬೈಲಕುಪ್ಪೆಯ ಗುಡಿಯಲ್ಲಿ ಟಿಬೆಟಿನ ಲಾಮಾಗಳು ಗಂಟಲಾಳದಿಂದ ಮಂತ್ರ ಹೇಳುವುದನ್ನು ಕೇಳಿಬಂದ ಮೇಲೆ ಮಾದೇಶ ಬದಲಾದ. "ಓಡದು ಸಾಕು ಕಣ್ಲಾ. ಅದು ಬಂದಂಗೆ ಬರ್ಬೇಕು ಈ ಕೂಗು. ನಿಧಾನಕ್ಕೆ" ಎಂದ. ಅದು ಎಂದರೆ ಏನು ಎಂದು ಕೇಳಿದ್ದಕ್ಕೆ ಮೊದಲ ಬಾರಿಗೆ ಅಪ್ಪನ ವಿಷಯ ಹೇಳಿದ.

"ರಾಗಿ ಹೊಲ ಕಾಯಕ್ಕೆ ಓಗಿದ್ದೊ. ನಾನು ಅಟ್ಟಣೆ ಮೇಲೆ, ಅಪ್ಪ ಕೆಳಗೆ. ಆನೆ ಇಂದ್ಗಡೆಯಿಂದ ಬತ್ತಾ ಇತ್ತು. ಅಪ್ಪ ನೋಡ್ಲಿಲ್ಲ, ನಾನು ನೋಡ್ದೆ. ಅಪ್ಪಾ ಅಂತ ಒಂದು ಕೂಗು ಆಕಿದ್ರೆ ಉಳ್ಕತಿದ್ದ. ಬಾಯೇ ಬರ್ಲಿಲ್ಲ ಕಣ್ಲಾ."

ಎರಡನೇ ಆಲ್ಬಮ್ಮಿನ ಗಿಟಾರು ಮಣ್ಣಲ್ಲಿ ಕಾಲು ಹೂತಂತೆ ನಿಧಾನ. ಕೊನೆಯ ಹಾಡಿನಲ್ಲಿ ಮಾತುಗಳೇ ಇಲ್ಲ. ಒಂದೇ ಕೂಗು, ಮುಗಿಯುತ್ತದೆಂದುಕೊಂಡ ಕಡೆ ಮುಗಿಯದ ಕೂಗು. ಮೈಸೂರಿನ ಸ್ಟುಡಿಯೋದಲ್ಲಿ ಅದನ್ನು ರೆಕಾರ್ಡು ಮಾಡುತ್ತಿದ್ದವರು ಹೆಡ್‌ಫೋನು ತೆಗೆದಿಟ್ಟುಬಿಟ್ಟರು.

ಅದಾಗಿ ಕೆಲವು ವರ್ಷಗಳ ಮೇಲೆ, ಮಾಗಿಯ ಒಂದು ಬೆಳಿಗ್ಗೆ, ಅವನ ಊರಿಂದ ಹ್ಯಾಂಡ್‌ಪೋಸ್ಟಿಗೆ ಬೈಕಿನಲ್ಲಿ ಬರುತ್ತಿದ್ದೆವು. ಅವನು ಓಡಿಸುತ್ತಿದ್ದ, ನಾನು ಹಿಂದೆ ಕೂತಿದ್ದೆ. ತಿರುವಿನಲ್ಲಿ ಮಂಜು ಕಪ್ಪಾದಂತೆ ಕಂಡಿತು. ಆನೆ. ಒಂಟಿ ಸಲಗ. ಅದರ ಕಿವಿ ಬೀಸುವ ಸದ್ದು ಕೇಳಿಸುವಷ್ಟು ಹತ್ತಿರ. ಮಾದೇಶ ಚೀರುತ್ತಾನೆ, ನಮ್ಮ ಕತೆ ಮುಗಿಯಿತು ಎಂದುಕೊಂಡೆ. ಅವನು ಇಂಜಿನ್ ಆರಿಸಿದ. ಕೈ ಹಿಂದಕ್ಕೆ ಚಾಚಿ ನನ್ನ ಮೊಣಕಾಲನ್ನು ಬಿಗಿಯಾಗಿ ಒತ್ತಿ ಹಿಡಿದ. ಅವನ ಬೆನ್ನು ನಡುಗುತ್ತಿದ್ದುದು ನನ್ನ ಎದೆಗೆ ತಾಗುತ್ತಿತ್ತು, ಆದರೆ ಬಾಯಿಂದ ಒಂದು ಸದ್ದಿಲ್ಲ. ಸಲಗ ಸೊಂಡಿಲೆತ್ತಿ ನಮ್ಮ ಕಡೆ ಗಾಳಿ ಮೂಸಿ, ರಸ್ತೆ ದಾಟಿ ಲಂಟಾನದ ಪೊದೆಯೊಳಗೆ ಇಳಿಯಿತು. ಆಮೇಲೆ ಅವನು ರಸ್ತೆ ಬದಿಗೆ ಕೂತು ವಾಂತಿ ಮಾಡಿಕೊಂಡ.

ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಸಿ.ಡಿ. ಬಂದಿತ್ತು. ಮಾದೇಶ ಅದರಲ್ಲಿ ಕೂಗಲೇ ಇಲ್ಲ. ಗಿಟಾರು, ಡ್ರಮ್ಮು ನಿಂತುಹೋದ ಜಾಗಗಳಲ್ಲಿ ಪಕ್ಕದಲ್ಲಿ ಕೂತು ಮಾತಾಡುವವನಂತೆ ತಗ್ಗಿದ ದನಿಯಲ್ಲಿ ಹಾಡಿದ. ಮೂರೂ ಆಲ್ಬಮ್ಮುಗಳಲ್ಲಿ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಅದೇ.

"ಇದು ಮೆಟಲ್ಲೇ ಅಲ್ಲ ಮಾರಾಯ" ಎಂದು ಪೊನ್ನಪ್ಪ ಸಿಟ್ಟಾದ.

"ಆನೆ ಮುಂದೆ ಕೂಗಿದ್ನಾ ನಾನು? ಉಸ್ರು ಇಡ್ಕೊಂಡಿದ್ದೆ. ಇದು ಆ ಉಸ್ರು ಕಣೋ" ಎಂದ ಮಾದೇಶ.

ಅದೇ ವರ್ಷ ಅವನ ದನಿ ಒಡೆಯತೊಡಗಿತು. ಹೊಸ ಹಾಡಿನ ತಯಾರಿ ಎಂದುಕೊಂಡೆವು. ಅಲ್ಲ, ಗಂಟಲಲ್ಲಿ ಕ್ಯಾನ್ಸರಿನ ಗಡ್ಡೆ. ಕೂಗಿ ಕೂಗಿ ತಂದುಕೊಂಡ ಎಂದು ಊರಲ್ಲಿ ಆಡಿಕೊಂಡರು. ನಾನು ಡಾಕ್ಟರನ್ನು ಕೇಳಿಯೇಬಿಟ್ಟೆ. ಕೂಗಿದ್ದರಿಂದ ಇಂಥದ್ದು ಬರುವುದಿಲ್ಲ ಎಂದರು. ಆದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಬೇರೆ ದಾರಿಯಿಲ್ಲ ಎಂದರು.

ಅದಾದ ಮೇಲೂ ಮಾದೇಶ ಕೆಲವು ವರ್ಷ ಬದುಕಿದ, ದನಿಯಿಲ್ಲದೆ. ಈಗ ಅವನಿಲ್ಲ. ಅವನ ಮಾತನ್ನು ನಾನು ಕೊನೆಯದಾಗಿ ಕೇಳಿದ್ದು ಆಪರೇಷನ್ನಿನ ದಿನ, ಮೈಸೂರಿನ ಆಸ್ಪತ್ರೆಯಲ್ಲಿ.

ಅವನನ್ನು ತಳ್ಳುಮಂಚದ ಮೇಲೆ ಒಳಗೆ ಕರೆದೊಯ್ಯುತ್ತಿದ್ದರು. ತಾಯಿಯೂ ನಾನೂ ಬಾಗಿಲ ತನಕ ಜೊತೆಗೆ ನಡೆದೆವು. ಅವನು ತಾಯಿಯ ಕಡೆ ತಿರುಗಿದ.

"ಅವ್ವ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು."

"ನೀನ್ ಬಾ ಮದ್ಲು."

"ಬತ್ತೀನಿ ಕಣವ್ವ. ಓಗಿ ಇಡ್ಲಿ ತಿನ್ನೋಗು."

ಬಾಗಿಲು ಮುಚ್ಚಿತು. ಅವರು ಸೀದಾ ಕ್ಯಾಂಟೀನಿಗೆ ನಡೆದರು. ನಾನು ಎದುರಿಗೆ ಕೂತೆ. ಅವರಿಗೆ ಇಡ್ಲಿಯ ತುತ್ತು ಇಳಿಯುತ್ತಿರಲಿಲ್ಲ, ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. "ಸಾಕು ಬುಡಿ ಅವ್ವ" ಎಂದೆ. ಅವರು ತಲೆಯಲ್ಲಾಡಿಸಿ, ನೀರು ಕುಡಿದು ಕುಡಿದು, ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು ಮುಗಿಸಿದರು.