ಗಿರಿಜಕ್ಕನ ಉಲ್ಟಾ ದಾರಿ

ಗಿರಿಜಕ್ಕ ಕೈ ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದಳು. ಡೊಂಬಿವಲಿ ಸ್ಟೇಶನ್ನಿನ ಸೇತುವೆ ಹತ್ತುವಾಗ ಹಿಡಿದರೆ ಘಣಸೋಲಿಯಲ್ಲಿ ಇಳಿದ ಮೇಲೆಯೇ ಬಿಡುವುದು. “ಬೆರಳು ಜಾರ್ತದೆ ಮಾರಾಯ್ತಿ, ಇದು ಜಾರುದಿಲ್ಲ” ಎನ್ನುತ್ತಿದ್ದಳು. ಅವಳು ಬಿಟ್ಟ ಮೇಲೂ ನನ್ನ ಬಳೆಗಳ ಅಚ್ಚು ಚರ್ಮದ ಮೇಲೆ ಕೆಂಪಗೆ ಉಳಿದಿರುತ್ತಿತ್ತು.

ನನ್ನ ತಂಗಿ ಶೋಭಾ ಘಣಸೋಲಿಯ ಒಂದು ಆಸ್ಪತ್ರೆಯ ಐಸಿಯುವಿನಲ್ಲಿದ್ದಳು. ಅವಳ ಗಂಡ ಅಲ್ಲಿಯ ಬೆಂಚಿನ ಮೇಲೆಯೇ ಬಿದ್ದುಕೊಂಡಿದ್ದ. ಉಡುಪಿಯಿಂದ ಓಡಿಬಂದ ನಾನು ಡೊಂಬಿವಲಿಯ ಅವರ ಮನೆಯಲ್ಲಿ ಇಳಿದುಕೊಂಡೆ. ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ ರೋಗಿಯನ್ನು ನೋಡಲು ಬಿಡುತ್ತಿದ್ದರು, ತಪ್ಪಿದರೆ ಮರುದಿನವೇ. ಮರುದಿನ ಇರುತ್ತದೆಂದು ಯಾರೂ ಹೇಳುವ ಹಾಗಿರಲಿಲ್ಲ. ನಾನೋ, ಊರಿನಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದು, ಮರೆತ ಕೊಡೆ ತರಲು ಮತ್ತೆ ಒಳಗೆ ಹೋಗಿ ಬರುವವಳು. ಇಲ್ಲಿ ರೈಲು ನಿಂತದ್ದು ಗೊತ್ತಾಗುವಷ್ಟರಲ್ಲಿ ಹೊರಟೇ ಹೋಗುತ್ತಿತ್ತು. ಪಕ್ಕದ ಮನೆಯ ಗಿರಿಜಕ್ಕ ಕುಂದಾಪುರದ ಕಡೆಯವಳು, ಥಾಣೆಯಲ್ಲಿ ರೈಲು ಬದಲಿಸಿ ದಿನವೂ ಘಣಸೋಲಿಯ ಆಫೀಸಿಗೆ ಹೋಗುವವಳು. ಹಾಗಾಗಿ ನಾನು ಅವಳ ಕೊರಳಿಗೆ ಬಿದ್ದೆ.

ಮೊದಲ ದಿನವೇ ಅವಳು ನನ್ನನ್ನು ಕಲ್ಯಾಣದ ರೈಲಿಗೆ ಹತ್ತಿಸಿದಳು.

“ಅಕ್ಕಾ, ಥಾಣೆ ಆ ಕಡೆ ಅಲ್ವಾ?”

“ಹೌದು. ನಾವು ಮೊದ್ಲು ಉಲ್ಟಾ ಹೋಗುದು. ಕಲ್ಯಾಣದಲ್ಲಿ ಗಾಡಿ ಖಾಲಿ ಆಗ್ತದೆ, ಅದೇ ತಿರುಗಿ ಬರ್ತದೆ. ಇಲ್ಲಿಂದ ಹತ್ತಿದ್ರೆ ನಿನ್ನ ಜಡೆ ಮಾತ್ರ ಥಾಣೆಗೆ ಮುಟ್ಟುದು.”

ನನಗೆ ಮೈಯೆಲ್ಲ ಉರಿಯಿತು. ತಂಗಿ ಆ ಕಡೆ ಸಾಯುತ್ತಿದ್ದಾಳೆ, ನಾನು ಸೀಟಿಗಾಗಿ ಈ ಕಡೆ ಹೋಗುತ್ತಿದ್ದೇನೆ. ಕಲ್ಯಾಣಕ್ಕೆ ಹೋದ ರೈಲು ತಿರುಗಿ ಬಂದು ಮತ್ತೆ ಅದೇ ಡೊಂಬಿವಲಿಯಲ್ಲಿ ನಿಂತಾಗ ಅಳುವುದೊಂದು ಬಾಕಿ. ಆದರೆ ಪ್ಲಾಟ್‌ಫಾರ್ಮಿನ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನುಗ್ಗುವುದನ್ನು ಕಂಡ ಮೇಲೆ ಬಾಯಿ ಮುಚ್ಚಿ ಕುಳಿತೆ.

ಒಂದು ದಿನ ಗಿರಿಜಕ್ಕನಿಗೆ ಜ್ವರ. ನಾನೊಬ್ಬಳೇ ಉಲ್ಟಾ ಹೋಗಿ ಜಾಣೆಯ ಹಾಗೆ ಕಿಟಕಿಯ ಸೀಟು ಹಿಡಿದೆ. ಥಾಣೆ ಬಂದಾಗ ಎದ್ದೆ. ಬಾಗಿಲ ತನಕ ಗೋಡೆಯಂತೆ ಜನ. “ಥಾಣೆ, ಥಾಣೆ” ಎಂದು ಕೂಗುತ್ತಲೇ ಮುಂದಿನ ಸ್ಟೇಶನ್ ಮುಲುಂಡಿಗೆ ಹೋಗಿಬಿಟ್ಟೆ. ಆ ದಿನ ಶೋಭಾಳ ಮುಖ ಕಾಣಲು ಸಿಗಲಿಲ್ಲ.

“ಸೀಟು ಸಿಕ್ಕಿತು ಅಂತ ಕೂತದ್ದಾ? ಥಾಣೆಗಿಂತ ಮೊದ್ಲು, ಮುಂಬ್ರಾದಲ್ಲೇ ಏಳ್ಬೇಕು!” ಎಂದು ಕಂಬಳಿ ಹೊದ್ದುಕೊಂಡೇ ಬೈದ ಗಿರಿಜಕ್ಕ, ಮರುದಿನ ಜ್ವರದಲ್ಲಿಯೇ ನನ್ನ ಮಣಿಕಟ್ಟು ಹಿಡಿದು ಹೊರಟಳು. ಅವಳ ಅಂಗೈ ಕೆಂಡದಂತೆ ಸುಡುತ್ತಿತ್ತು.

ಆಮೇಲೊಂದು ಬೆಳಗ್ಗೆ ಸೇತುವೆಯ ಮೇಲಿರುವಾಗಲೇ ಶೋಭಾಳ ಗಂಡನ ಫೋನು. “ಅತ್ತಿಗೆ, ಬೇಗ ಬನ್ನಿ. ಡಾಕ್ಟ್ರು ಕರೀಲಿಕ್ಕೆ ಹೇಳಿದ್ರು.”

ಕೆಳಗೆ ಕಲ್ಯಾಣದ ರೈಲು ನಿಂತಿತ್ತು. ಗಿರಿಜಕ್ಕ ಅದನ್ನು ಒಮ್ಮೆ ನೋಡಿದಳು. “ಇವತ್ತು ಉಲ್ಟಾ ಬೇಡ” ಎಂದಳು.

ಥಾಣೆಯ ಕಡೆಗೆ ಹೋಗುವ ರೈಲು ಬಾಗಿಲಲ್ಲಿ ಹೆಂಗಸರನ್ನು ನೇತಾಡಿಸಿಕೊಂಡೇ ಬಂತು. ಇಬ್ಬರಿಗೆ ಜಾಗವಿರಲಿಲ್ಲ, ಒಬ್ಬರಿಗೂ ಇರಲಿಲ್ಲ. ಅವಳು ಮಣಿಕಟ್ಟು ಬಿಟ್ಟು, ನನ್ನ ಬೆನ್ನಿಗೆ ಭುಜ ಕೊಟ್ಟು ಒಳಗೆ ತಳ್ಳಿದಳು. ತಾನು ಕೆಳಗೇ ಉಳಿದಳು. “ಇಸ್ಕೋ ಥಾಣೆ ಉತಾರೋ! ಬೆಹನ್ ಸೀರಿಯಸ್ ಹೈ!” ಎಂದು ಚಲಿಸುವ ರೈಲಿನ ಜೊತೆ ಕೂಗುತ್ತ ಓಡಿದಳು.

ಒಳಗೆ ಯಾವಳೋ ನನ್ನ ಸೆರಗು ಹಿಡಿದಳು, ಇನ್ನೊಬ್ಬಳು ತೋಳು. ಮುಂಬ್ರಾದಿಂದಲೇ “ಸರಕಾ, ಸರಕಾ, ಹಿಲಾ ಉತರೂ ದ್ಯಾ” ಎಂದು ಮರಾಠಿಯಲ್ಲಿ ಕೂಗಿ ದಾರಿ ಬಿಡಿಸುತ್ತ ಒಬ್ಬರಿಂದೊಬ್ಬರಿಗೆ ನನ್ನನ್ನು ದಾಟಿಸಿ ಥಾಣೆಯಲ್ಲಿ ಇಳಿಸಿದರು. ಆಸ್ಪತ್ರೆಗೆ ತಲುಪಿದಾಗ ಶೋಭಾಳಿಗೆ ಉಸಿರಿತ್ತು. ಕಣ್ಣು ತೆರೆದು ನನ್ನನ್ನೇ ನೋಡಿದಳು. ಮಧ್ಯಾಹ್ನ ಹೋಗಿಬಿಟ್ಟಳು. ಆ ಒಂದು ನೋಟವೂ ಇಲ್ಲದಿದ್ದರೆ ನಾನು ಹೇಗೆ ಬದುಕುತ್ತಿದ್ದೆನೋ ತಿಳಿಯದು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಥಾಣೆಯಿಂದ ಊರಿನ ರೈಲು. ಬೀಳ್ಕೊಡಲು ಬಂದವಳು ಗಿರಿಜಕ್ಕನೇ. ಮುಂದೆ ಅವಳು ಕಾಮೋಠೆಗೆ ಮನೆ ಬದಲಿಸಿದಳೆಂದೂ ಅಲ್ಲಿಯೇ ತೀರಿಕೊಂಡಳೆಂದೂ ಕೇಳಿದೆ; ನಾನು ನೋಡಿದ್ದು ಅದೇ ಕೊನೆ. ಕಿಟಕಿಯ ಸರಳಿನಿಂದ ಕೈ ಹೊರಚಾಚಿ ಅವಳ ಮಣಿಕಟ್ಟು ಹಿಡಿದಿದ್ದೆ. ರೈಲು ಕದಲಿತು. ಅವಳು ಜೊತೆಗೇ ನಡೆದಳು.

“ಇದು ತಿರುಗಿ ಬರುವ ಗಾಡಿ ಅಲ್ಲ ಮಾರಾಯ್ತಿ, ಕೈ ಬಿಡು” ಎಂದಳು.

ನಾನು ಬಿಡಲಿಲ್ಲ. ಅವಳೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು.